ಹನ್ನೊಂದು ಮನೆಯ ಚಹಾ

"ಈಕಿನ್ನ ನೋಡ್ರಿ. ಸರಿಯಾಗಿ ನೋಡ್ರಿ. ಇದಕ್ಕ ಅಂತಾರ ನೆಗೆಟಿವ್." ಸಿದ್ದಲಿಂಗಪ್ಪ ಮೈಕನ್ನು ಬಾಯಿಗೆ ಅಂಟಿಸಿಕೊಂಡು ಹೇಳಿದ. "ಎಂಟ ತಿಂಗಳ ಹಿಂದ ಸಿಮೆಂಟ್ ಬುಟ್ಟಿ ಹೊರತಿದ್ಲು. ಇವತ್ತೂ ಅದನ್ನೇ ಹೊರಲಾಕತ್ಯಾಳ. ಯಾಕ? ತಲ್ಯಾಗ ಬುಟ್ಟಿನೇ ತುಂಬ್ಯಾದ, ಕನಸಿಗೆ ಜಾಗಾ ಇಲ್ಲ. ಏ ಮಹಾದೇವಿ, ಗ್ವಾಡಿ ಕಡಿ ಮಾರಿ ಮಾಡು."

ನಾನು ಗೋಡೆಯ ಕಡೆ ಮುಖ ಮಾಡಿದೆ. ಮುಂಬಯಿಯ ಗ್ರಾಂಟ್ ರೋಡಿನ ಲಾಡ್ಜೊಂದರ ಮೊದಲ ಮಹಡಿಯ ಮೀಟಿಂಗ್ ಹಾಲ್ ಅದು. ಕೆಳಗೆ ಉಡುಪಿ ಹೋಟೆಲು. ವಡೆ ಕರಿಯುವ ವಾಸನೆ ಕಿಟಕಿಯಿಂದ ನೇರವಾಗಿ ಮೂಗಿಗೆ ಬರುತ್ತಿತ್ತು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ನನ್ನ ಬೆನ್ನ ಹಿಂದೆ ಎಂಬತ್ತು ಕುರ್ಚಿ. ಅಷ್ಟರಲ್ಲೂ ನಮ್ಮಂಥವರೇ ಕೂತಿದ್ದರು: ಬಿಗಾರಿಗಳು, ಕಸ ಗುಡಿಸುವವರು, ವಾಚ್‌ಮನ್ನರು. ತಿಂಗಳಿಗೆ ಇಬ್ಬರನ್ನು ಸೇರಿಸಿದವರು ಚಪ್ಪಾಳೆ ತಟ್ಟಬೇಕು, ಸೇರಿಸದವರು ಗೋಡೆ ನೋಡಬೇಕು. 'ಸಪ್ತವೃದ್ಧಿ ಲೈಫ್' ಎಂಬ ಕಂಪನಿಯ ಪ್ರತಿ ಭಾನುವಾರದ ಪೂಜೆ ಇದು.

ಗೋಡೆಯ ಪ್ಲಾಸ್ಟರು ಕೆಟ್ಟದಾಗಿತ್ತು. ಮರಳು ಜಾಸ್ತಿ, ಸಿಮೆಂಟು ಕಮ್ಮಿ. ಹದಿನೇಳು ವರ್ಷ ಮಾಲು ಕಲಸಿದವಳಿಗೆ ಇಷ್ಟಾದರೂ ತಿಳಿಯುತ್ತದೆ. ಉಗುರಿನಿಂದ ಒಮ್ಮೆ ಗೀರಿದೆ, ಪುಡಿ ಉದುರಿತು. ಅಷ್ಟೊತ್ತಿಗೆ ಸಿದ್ದಲಿಂಗಪ್ಪ ಮೈಕು ಬಿಟ್ಟು ನನ್ನ ಹತ್ತಿರ ಬಂದ. ಈಗ ಅವನ ದನಿ ಬೇರೆ ಇತ್ತು.

"ಮುಂದಿನ ಐತಾರದೊಳಗ ಎರಡ ತಲಿ ಬೇಕು. ಯಾರಂತ ನೀ ತಲಿ ಕೆಡಿಸ್ಕೋಬ್ಯಾಡ, ನಾನೇ ಹೇಳ್ತೀನಿ. ಗುರುಪಾದ, ಅವನ ಹೇಣ್ತಿ."

"ಅವ ನಮ್ಮ ಕಾಕಾನ ಮಗ ರೀ. ಅವನ ಕೈ..."

"ಕೈ ಹೋಗ್ಯಾದ ಅಂತನೇ ಹೇಳ್ಲಾಕತ್ತೀನಿ. ರೊಕ್ಕ ಬಂದದಲ್ಲ? ಕರಕೊಂಡ ಹೋಗು ನನಗ. ಇಲ್ಲಂದ್ರ ನಾಕಾಕ್ಕ ಬರಬ್ಯಾಡ. ನೀನೂ ಬರಬ್ಯಾಡ, ನಿನ್ನ ಗಂಡನೂ ಬರೋದ ಬ್ಯಾಡ. ಆ ಹನ್ನೊಂದ ಮನಿ ರೊಕ್ಕ ಯಾರ ತಿಂದಾರ ಅಂತ ನಾನೇ ನಿಂತು ಹೇಳ್ತೀನಿ."

ಗುರುಪಾದ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಪ್ರೆಸ್ ಮಷೀನಿನಲ್ಲಿ ಬಲಗೈಯ ಮೂರು ಬೆರಳು ಕಳಕೊಂಡವನು. ಬಾಯಿ ಮುಚ್ಚಿಕೊಂಡಿರಲಿ ಎಂದು ಮಾಲೀಕ ಅರವತ್ತು ಸಾವಿರ ಕೊಟ್ಟಿದ್ದ. ಬೆರಳಿಗೆ ಇಪ್ಪತ್ತು ಸಾವಿರ. ಆ ದುಡ್ಡಿನಲ್ಲಿ ಮಲಾಡ್ ಸ್ಟೇಷನ್ನಿನ ಹೊರಗೆ ತರಕಾರಿಯ ಕೈಗಾಡಿ ಹಾಕಬೇಕೆಂದು ಗಂಡ ಹೆಂಡತಿ ಮಾತಾಡಿಕೊಳ್ಳುತ್ತಿದ್ದರು. ಒಂದೂವರೆ ಕೈಯಿಂದ ಬೇರೇನು ಮಾಡಲು ಬರುತ್ತದೆ.

ಸಿದ್ದಲಿಂಗಪ್ಪ ಯಾರೆಂದು ಹೇಳಬೇಕು. ಯಾದಗಿರಿ ಕಡೆಯ ನಮ್ಮೂರ ಗೌಡರ ಎರಡನೆಯ ಮಗ. ಮಲಾಡಿನ ನಾಕಾದ ಮೇಲೆ ಹನ್ನೆರಡು ವರ್ಷದಿಂದ ಮುಕಾದಮ. ಬೆಳಗ್ಗೆ ಏಳಕ್ಕೆ ನಾವೆಲ್ಲ ಬುತ್ತಿಗಂಟು, ಸಲಿಕೆ ಹಿಡಿದು ಅಲ್ಲಿ ಸಾಲಾಗಿ ನಿಲ್ಲುತ್ತೇವೆ. ಠೇಕೇದಾರರ ಫೋನು ಬರುವುದು ಅವನಿಗೆ. 'ನೀ ನಡಿ, ನೀ ನಡಿ' ಎಂದು ಅವನು ಬೆರಳು ತೋರಿಸಿದವರಿಗೆ ಆ ದಿನ ಕೂಲಿ ಉಂಟು, ಉಳಿದವರು ಬಂದ ದಾರಿಗೆ ಸುಂಕವಿಲ್ಲವೆಂದು ಮನೆಗೆ ಹೋಗಬೇಕು. ಅಂಥವನು ಈಗ ಕೊರಳಿಗೆ ಟೈ ಕಟ್ಟಿಕೊಂಡು ನಮಗೆ ಕನಸು ಮಾರುತ್ತಿದ್ದ.

ನಾವು ಹೊಲಗೇರಿಯವರು. ನಮ್ಮವ್ವ ಅವರ ಅಂಗಳದಲ್ಲಿ ತೊಗರಿ ಬಡಿಯುವಾಗ ನೀರು ಕೇಳಿದರೆ ಗೌಡತಿ ಮೇಲಿಂದ ಬೊಗಸೆಗೆ ಹೊಯ್ಯುತ್ತಿದ್ದಳು. ಅಪ್ಪಿತಪ್ಪಿ ಬೆರಳು ತಾಗಿದರೆ ತಂಬಿಗೆಯನ್ನು ಬೂದಿ ಹಾಕಿ ತಿಕ್ಕಿಸುತ್ತಿದ್ದಳು. ನಾನು ಅದನ್ನು ಕಣ್ಣಾರೆ ನೋಡಿ ಬೆಳೆದವಳು.

ಎಂಟು ತಿಂಗಳ ಹಿಂದೆ ಒಂದು ಸಂಜೆ ಅದೇ ಮನೆಯ ಮಗ ಮಲಾಡಿನ ಗುಡ್ಡದ ಬದಿಯ ನಮ್ಮ ಖೋಲಿಗೆ ಬಂದ. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದು ನಮ್ಮ ಮಂಚದ ಮೇಲೆ ಕೂತ. ನನ್ನ ಗಂಡ ಭೀಮರಾಯ ಎಲ್ಲಿ ನಿಲ್ಲಬೇಕು ಎಂದು ತಿಳಿಯದೆ ಗೋಡೆಗೆ ಅಂಟಿಕೊಂಡಿದ್ದ.

"ಏನವ್ವಾ, ಚಾ ಮಾಡಂಗಿಲ್ಲೇನು?" ಎಂದ ಸಿದ್ದಲಿಂಗಪ್ಪ.

"ನಿಮಗ ಹೋಟೆಲದಾಗಿಂದ ತರತೀನಿ ತಡೀರಿ," ಎಂದ ಭೀಮರಾಯ.

"ಯಾಕಲೇ, ನಿಮ್ಮ ಒಲ್ಯಾಗ ಬೆಂಕಿ ಇಲ್ಲೇನು?"

ನಾನು ಚಹಾ ಮಾಡಿದೆ. ಸಕ್ಕರೆ ಒಂದು ಚಮಚ ಹೆಚ್ಚೇ ಹಾಕಿದೆ. ಅವನು ನಮ್ಮ ಸ್ಟೀಲ್ ಗ್ಲಾಸಿನಲ್ಲಿ, ನಾವು ಕುಡಿಯುವ ಗ್ಲಾಸಿನಲ್ಲೇ, ಸುರ್ರೆಂದು ಕುಡಿದ. ಇನ್ನೊಂದು ಗ್ಲಾಸು ಕೇಳಿ ಕುಡಿದ. ಅವನು ಹೋದ ಮೇಲೆ ಭೀಮರಾಯ ಊರಿಗೆ ಫೋನು ಹಚ್ಚಿದ. "ಸಿದ್ದಲಿಂಗ ಗೌಡ್ರು ನಮ್ಮನ್ಯಾಗ ಚಾ ಕುಡದ್ರು. ಎರಡ ಗ್ಲಾಸ." ಆ ಕಡೆ ಅವನ ಅಣ್ಣ ನಂಬಲಿಲ್ಲ. ಯಾವ ಗ್ಲಾಸು ಎಂದು ಕೇಳಿದ. ಆ ಗ್ಲಾಸನ್ನು ನನ್ನ ಗಂಡ ಎರಡು ದಿನ ತೊಳೆಯಲು ಬಿಡಲಿಲ್ಲ.

ಮರುದಿನ ನಾನು ತಾಳಿಯ ಎರಡು ಬಂಗಾರದ ಗುಂಡು ಮಾರಿ ಎಂಟೂವರೆ ಸಾವಿರ ಕಟ್ಟಿದೆ. ಒಂದು ಪೆಟ್ಟಿಗೆ ಕೊಟ್ಟರು. ಒಳಗೆ ಹಸಿರು ಪೌಡರಿನ ಆರು ಡಬ್ಬಿ, ಸೊಂಟಕ್ಕೆ ಕಟ್ಟುವ ಅಯಸ್ಕಾಂತದ ಪಟ್ಟಿ, ಕಾರುಗಳ ಚಿತ್ರವಿದ್ದ ಪುಸ್ತಕ. ಕೆಳಗೆ ಎಡಕ್ಕೊಬ್ಬರು ಬಲಕ್ಕೊಬ್ಬರು ಸೇರಿದರೆ ನನಗೆ ಸಾವಿರದ ಐನೂರು, ಅವರ ಕೆಳಗೆ ಮತ್ತಿಬ್ಬರು ಸೇರಿದರೆ ಇನ್ನಷ್ಟು ಎಂದು ಸಿದ್ದಲಿಂಗಪ್ಪ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದ. ನನಗೆ ಒಳಗೊಳಗೇ ನಗು ಬಂತು. ಊರಲ್ಲಿ ನಮ್ಮನ್ನು ಎಡಗೈ ಬಲಗೈ ಎಂದು ಒಡೆದು ಕೂರಿಸಿದ್ದರು. ಮುಂಬಯಿಯಲ್ಲಿ ಅದಕ್ಕೂ ಕಮಿಷನ್ ಇತ್ತು.

ಆಮೇಲೆ ನಾನೇ ಅವನನ್ನು ಕರಕೊಂಡು ನಮ್ಮವರ ಮನೆಮನೆಗೆ ಹೋದೆ. ಕರಕೊಂಡು ಹೋದದ್ದು ಸುಳ್ಳಲ್ಲ, ಯಾರ ಮೇಲೂ ತಪ್ಪು ಹೊರಿಸುವುದಿಲ್ಲ. ಹನ್ನೊಂದು ಮನೆ. ಹನ್ನೊಂದು ಮನೆಯಲ್ಲೂ ಅವನು ಮಂಚದ ಮೇಲೆ ಕೂತು ಅದೇ ಮಾತು ಹೇಳಿದ, 'ಚಾ ಮಾಡಂಗಿಲ್ಲೇನು?' ಹನ್ನೊಂದು ಮನೆಯಲ್ಲೂ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವನು ಪೌಡರಿನ ಬಗ್ಗೆ ಏನೂ ಹೇಳಬೇಕಾಗಲೇ ಇಲ್ಲ. ಗ್ಲಾಸು ಖಾಲಿಯಾಗುವಷ್ಟರಲ್ಲಿ ಅವರು ದುಡ್ಡು ಎಲ್ಲಿಂದ ತರಬೇಕು ಎಂದು ಯೋಚಿಸುತ್ತಿದ್ದರು. ನನಗೆ ಮೊದಲ ತಿಂಗಳು ಒಂದು ಸಲ ಸಾವಿರದ ಐನೂರು ಬಂತು. ಕುಕ್ಕರು ತಂದೆ. ಆಮೇಲೆ ಇನ್ನೊಂದು ಪೈಸೆ ಬರಲಿಲ್ಲ.

ಸೋಮವಾರ ಬೆಳಗ್ಗೆ ನಾಕಾಕ್ಕೆ ಹೋದೆ. ಸಿದ್ದಲಿಂಗಪ್ಪ ಟೈ ಬಿಚ್ಚಿಟ್ಟು ಹಳೆಯ ಅಂಗಿಯಲ್ಲಿ ನಿಂತಿದ್ದ. ಬೆರಳು ನನ್ನ ಎಡಗಡೆಯವಳ ಮೇಲೆ ಬಂತು, ನನ್ನನ್ನು ದಾಟಿ ಬಲಗಡೆಯವಳ ಮೇಲೆ ಹೋಯಿತು. ಭೀಮರಾಯನನ್ನೂ ದಾಟಿತು. ಹತ್ತು ಗಂಟೆಗೆ ನಾಕಾ ಖಾಲಿಯಾದಾಗ ನಾನು, ನನ್ನ ಗಂಡ, ರುಕ್ಮಿಣಿಬಾಯಿ ಮೂವರೇ ಉಳಿದೆವು.

ರುಕ್ಮಿಣಿಬಾಯಿ ಆ ಹನ್ನೊಂದರಲ್ಲಿ ಒಬ್ಬಳು. ಗಂಡ ಸತ್ತು ಆರು ವರ್ಷ. ವಯಸ್ಸಾದವಳೆಂದು ಠೇಕೇದಾರರು ಅವಳನ್ನು ಮೊದಲೇ ಒಲ್ಲರು. ಕಂಪನಿಗೆ ದುಡ್ಡು ಕಟ್ಟಿ ಐಡಿ ತೆಗೆದುಕೊಂಡರೆ ದಿನಾ ಕೆಲಸ ಎಂದು ಸಿದ್ದಲಿಂಗಪ್ಪ ಮಾತು ಕೊಟ್ಟಿದ್ದಕ್ಕೆ ಅವಳು ಸೇರಿದ್ದು. ಜೊತೆಗೆ ತಂಗಿಯ ಮಗಳನ್ನೂ ಸೇರಿಸಿದ್ದಳು.

"ಮಹಾದೇವಿ, ನನ್ನ ಡಬ್ಬಿ ಯಾರರ ತಗೋತಾರೇನು ಕೇಳಿ ನೋಡಿದ್ಯಾ?" ಎಂದಳು.

"ಇಲ್ಲ ಚಿಗವ್ವ."

"ಇಲಿ ಕಡೀಲಾಕತ್ತಾವ. ಅದಕ್ಕ ನಾನೇ ಒಂದೊಂದ ಚಮಚಾ ಜ್ವಾಳದ ಹಿಟ್ಟಿನ್ಯಾಗ ಕಲಸ್ಲಾಕತ್ತೀನಿ. ರೊಟ್ಟಿ ಹಸರಗ ಬರ್ತಾವ. ಒಂದೊಂದ ರೊಟ್ಟಿಗಿ ಏನಿಲ್ಲಂದ್ರೂ ನೂರ ರೂಪಾಯಿ ಬಿದ್ದಿರಬೇಕ ನೋಡು. ಗೌಡ್ರ ಮನ್ಯಾಗೂ ಇಂಥಾ ರೊಟ್ಟಿ ತಿಂದಿರಂಗಿಲ್ಲ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಅವಳು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ನಾನು ಕರಕೊಂಡು ಹೋದವಳು ಎಂಬ ಮಾತನ್ನು ಅವಳು ಒಂದು ದಿನವೂ ಎತ್ತಿರಲಿಲ್ಲ.

ಮಂಗಳವಾರವೂ ಅಷ್ಟೇ. ಬುಧವಾರ ಪೇಂಟರ್ ಸಾಯಬಣ್ಣ ಕದ್ದು ಫೋನು ಮಾಡಿ ಕಾಂದಿವಲಿಯ ಒಂದು ಸೊಸೈಟಿಗೆ ಕರೆದ. ನಾಲ್ಕನೆಯ ಮಹಡಿಯ ಖಾಲಿ ಫ್ಲಾಟಿನಲ್ಲಿ ಬಣ್ಣ ಮುಗಿದಿತ್ತು, ನೆಲಕ್ಕೆ ಬಿದ್ದ ಹನಿಗಳನ್ನು ಕೆರೆದು ತೆಗೆಯಬೇಕಿತ್ತು. ಲಿಫ್ಟಿನ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ವಾಚ್‌ಮನ್ನು ಸೀಟಿ ಊದಿದ. ಮೆಟ್ಟಿಲು ಹತ್ತಿ ಹೋದೆ.

ನಾನು ಬ್ಲೇಡು ಹಿಡಿದು ನೆಲ ಕೆರೆಯುತ್ತಿರುವಾಗ ಐವತ್ತು ದಾಟಿದ ಒಬ್ಬ ಹೆಂಗಸು ಭಾರದ ಚೀಲ ಹೊತ್ತು ಏದುಸಿರು ಬಿಡುತ್ತ ಬಂದಳು. ಅವಳನ್ನೂ ಲಿಫ್ಟಿಗೆ ಬಿಟ್ಟಿರಲಿಲ್ಲ. ಹೊಸ ಮನೆಯ ಯಜಮಾನಿ ಬಂದಿದ್ದಾರಾ ಎಂದು ಹಿಂದಿಯಲ್ಲಿ ಕೇಳಿದಳು. ನಾನು ಸಾಯಬಣ್ಣನ ಜೊತೆ ಕನ್ನಡ ಮಾತಾಡಿದ್ದನ್ನು ಕೇಳಿ ಕನ್ನಡಕ್ಕೆ ಬಂದಳು. ಹೆಸರು ನೀಲಾವತಿ, ಉಡುಪಿ ಕಡೆಯವಳು. ಗಂಡ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತು ಕೂತು ಬೆನ್ನು ಹೋಗಿ ಮನೆ ಹಿಡಿದಿದ್ದಾನೆ. ಅವಳು ಹಿಂದಿನ ಚಾಳಿನಲ್ಲಿದ್ದು, ನೆಲ ತೊಳೆಯುವ ಎಣ್ಣೆ, ಪಾತ್ರೆ ಸೋಪು ಮಾರುತ್ತಾಳೆ.

"ಬ್ಲೇಡಿನಲ್ಲಿ ಕೆರೆದರೆ ಟೈಲ್ಸ್ ಹಾಳಾಗ್ತದೆ ಮಾರಾಯ್ತಿ," ಎಂದು ಬಾಟಲಿಯಿಂದ ಒಂದು ಮುಚ್ಚಳ ಎಣ್ಣೆ ನೆಲಕ್ಕೆ ಹೊಯ್ದು ಬಟ್ಟೆಯಿಂದ ಒರೆಸಿದಳು. ಬಣ್ಣ ಬಿಟ್ಟಿತು. ನಾನು ಎರಡು ತಾಸಿನಿಂದ ಕೆರೆಯುತ್ತಿದ್ದ ಬಣ್ಣ.

ಆಗ ನಾನು ಮಾಡಿದ ಕೆಲಸ ಹೇಳಲು ನಾಚಿಕೆಯಾಗುತ್ತದೆ. ಗುರುಪಾದನ ಬದಲಿಗೆ ಇವಳೊಬ್ಬಳು ಸಿಕ್ಕರೆ ಅರ್ಧ ಗಂಡಾಂತರ ಕಳೆಯಿತು ಎಂದು ಲೆಕ್ಕ ಹಾಕಿದೆ. ಕೈ ಒರೆಸಿಕೊಂಡು, ಭಾನುವಾರ ಕಲಿಸಿದ ನಗೆ ನಕ್ಕು, "ಅಕ್ಕಾರ, ನೀವು ನಮ್ಮ ಕಂಪನಿ ಸೇರ್ರಿ. ಹಿಂಗ ಮೆಟ್ಟಲಾ ಹತ್ತಾದ ತಪ್ತದ. ವರ್ಷದಾಗ ಕಾರ ಬರ್ತದ," ಎಂದೆ.

ನೀಲಾವತಿ ನನ್ನನ್ನು ನೋಡಿದಳು. ನನ್ನ ಬ್ಲೇಡನ್ನು ನೋಡಿದಳು. "ನಿನ್ನ ಕಾರು ಕೆಳಗೆ ನಿಂತಿದೆಯಾ?" ಎಂದಳು.

ಅವಳು ಚೀಲ ಕೆಳಗಿಟ್ಟು ನೆಲದ ಮೇಲೆ ನನ್ನೆದುರು ಕೂತಳು. "ನಂದೂ ಕಂಪನಿಯೇ. ಅಂಗಡಿಯಲ್ಲಿ ಸಿಗುವುದಿಲ್ಲ, ಹೀಗೆ ಮನೆಮನೆಗೆ ಹೋಗಿ ಮಾರುವುದು. ನಂಗೂ ಕೆಳಗೆ ನಾಲ್ಕು ಜನ ಇದ್ದಾರೆ. ಸೇರುವಾಗ ನಿನ್ನ ಹತ್ರ ಎಷ್ಟು ತಗೊಂಡ್ರು?"

"ಎಂಟೂವರಿ ಸಾವಿರ."

"ನನ್ನ ಹತ್ರ ಒಂದು ಪೈಸೆ ತಗೊಳ್ಳಲಿಲ್ಲ. ಮೊದಲು ಹತ್ತು ಬಾಟ್ಲಿ ತಗೊಂಡೆ. ಆರು ಹೋಯ್ತು, ನಾಲ್ಕು ಹೋಗ್ಲಿಲ್ಲ. ಸೀಲು ಒಡೆಯದ್ದು ಅಂತ ವಾಪಸು ತಗೊಂಡು ದುಡ್ಡು ಕೊಟ್ರು. ಇಲ್ನೋಡು ಬಿಲ್ಲು. ಆಫೀಸು ಎಲ್ಲುಂಟು ಅಂತ ಇದರಲ್ಲೇ ಉಂಟು. ಎರಡು ಸಲ ಹೋಗಿ ಜಗಳ ಮಾಡಿ ಬಂದಿದ್ದೇನೆ. ನಿನ್ನ ಕಂಪನಿಗೆ ಹೋಗಿ ಜಗಳ ಮಾಡ್ಲಿಕ್ಕೆ ಜಾಗ ಉಂಟಾ?"

"ಐತಾರ ಹಾಲ್ ಬಾಡಿಗಿ ಹಿಡೀತಾರ."

"ಮತ್ತೆ ಸೋಮವಾರ?"

ನನಗೆ ಗೊತ್ತಿರಲಿಲ್ಲ. ಸೋಮವಾರ ಆ ಹಾಲಿನಲ್ಲಿ ಮದುವೆಯೋ ಹೆಸರಿಡುವ ಬಾರಸೆಯೋ ನಡೆಯುತ್ತಿರಬಹುದು.

"ಆ ಪೌಡರು, ಕಂಪನಿಗೆ ಸೇರದೆ, ಬರೀ ಕುಡೀಲಿಕ್ಕೆ ಅಂತ ತಗೊಂಡವರು ಒಬ್ಬರಾದ್ರೂ ಇದ್ದಾರಾ?"

ನೆನಪು ಮಾಡಿಕೊಂಡೆ. ಹನ್ನೊಂದು ಮನೆಯ ಮಂಚದ ಕೆಳಗೂ ಪೆಟ್ಟಿಗೆ ಹಾಗೇ ಇತ್ತು. ತೆರೆದವಳು ರುಕ್ಮಿಣಿಬಾಯಿ ಒಬ್ಬಳೇ, ಅದೂ ಇಲಿಗೆ ಹೆದರಿ. "ಇಲ್ಲ. ನನಗ ಒಂದೇ ಸಲ ಸಾವಿರದ ಐನೂರ ಬಂದದ," ಎಂದೆ.

"ಮತ್ತೆ ನಿಂಗೆ ಒಂದು ಸಲ ಬಂತಲ್ಲ ದುಡ್ಡು, ಅದೆಲ್ಲಿಂದ ಬಂತು? ಆಮೇಲೆ ಸೇರಿದವರು ಕಟ್ಟಿದ್ದೇ ಅಲ್ವಾ? ನಂಗೆ ಬಾಟ್ಲಿ ಹೋದ್ರೆ ದುಡ್ಡು. ಜನ ಸೇರಿಸಿದ್ದಕ್ಕೆ ಅಂತ ಒಂದು ರೂಪಾಯಿ ಇಲ್ಲ, ಅವರು ಮಾರಿದ್ರೆ ಸ್ವಲ್ಪ ಸಿಗ್ತದೆ. ತಿಂಗಳಿಗೆ ಎಷ್ಟು ಗೊತ್ತುಂಟಾ? ಎರಡು ಸಾವಿರ, ಎರಡೂವರೆ. ಕಾರು ಗೀರು ಎಂತ ಇಲ್ಲ. ಕಾಲುನೋವು ಬಂದದ್ದು."

"ಆದರ ಅಕ್ಕಾರ, ನಮಗ ಸೇರಿಸಿದಂವ ನಮ್ಮನ್ಯಾಗ ಚಾ ಕುಡದಾನ," ಎಂದೆ.

"ಚಾ ಕುಡಿದ್ರೆ ಎಂತಾಯ್ತು?"

ಅವಳು ನಿಜವಾಗಿಯೂ ತಿಳಿಯದೆ ಕೇಳಿದಳು. ಅವಳ ಮನೆಗೆ ಯಾರು ಬಂದು ಚಹಾ ಕುಡಿದರೂ ಅದು ಊರಿಗೆ ಫೋನು ಮಾಡಿ ಹೇಳುವ ಸುದ್ದಿಯಲ್ಲ. ನಾನು ಬಿಡಿಸಿ ಹೇಳಲು ಬಾಯಿ ತೆರೆದೆ, ಆಗಲಿಲ್ಲ. ಹೇಳಲು ಹೊರಟಾಗಲೇ ನನ್ನ ಕಿವಿಗೆ ನನ್ನ ಮಾತು ಹೇಗೆ ಕೇಳುತ್ತದೆಂದು ಗೊತ್ತಾಯಿತು. ಮೈಯೆಲ್ಲ ಉರಿದುಹೋಯಿತು. ಒಂದು ಗ್ಲಾಸು ಚಹಾಕ್ಕೆ ನಾನು ಹನ್ನೊಂದು ಮನೆ ಹಿಡಿದುಕೊಟ್ಟಿದ್ದೆ. ಚಹಾಪುಡಿಯೂ ನನ್ನದೇ, ಸಕ್ಕರೆಯೂ ನನ್ನದೇ.

ನನ್ನ ಮೊಬೈಲಿನಲ್ಲಿದ್ದ ಕಂಪನಿಯ ಕಾಗದದ ಫೋಟೋವನ್ನು ನೀಲಾವತಿ ಕನ್ನಡಕ ಹಾಕಿಕೊಂಡು ಓದಿದಳು. ಇಂಗ್ಲಿಷಿನಲ್ಲಿತ್ತು. "ನೀನು ಸಾಮಾನು ಕೊಂಡದ್ದು ಅಂತ ಇದರಲ್ಲಿ ಇಲ್ಲ. ಸ್ವಂತ ಇಷ್ಟದಿಂದ ಕೊಟ್ಟ ಕೊಡುಗೆ, ವಾಪಸು ಕೇಳುವುದಿಲ್ಲ ಅಂತ ಸೈನ್ ಮಾಡಿದ್ದಿ. ಇದು ಪೊಲೀಸಿಗೆ ಹೇಳುವಂಥದ್ದು. ಇನ್ನು ಯಾರನ್ನೂ ಸೇರಿಸ್ಬೇಡ." ಅವಳು ಎದ್ದು ಚೀಲ ಹೆಗಲಿಗೇರಿಸಿದಳು. ಹೋಗುವಾಗ ಅರ್ಧ ಬಾಟಲಿ ಎಣ್ಣೆ ನನ್ನ ಹತ್ತಿರ ಬಿಟ್ಟಳು, ಉಳಿದರೆ ಕೊಡು ಎಂದಳು.

ಗುರುವಾರ ಪೊಲೀಸ್ ಚೌಕಿಗೆ ಹೋದೆ. ಎರಡು ತಾಸು ಕಾದ ಮೇಲೆ ಹವಾಲ್ದಾರ ಕರೆದ. ನಾನು ಹಿಂದಿ, ಮರಾಠಿ, ಕನ್ನಡ ಎಲ್ಲ ಕಲಸಿ ಹೇಳಿದೆ. ಅವನು ನನ್ನ ಮೊಬೈಲು ಇಸಿದುಕೊಂಡು ಕಂಪನಿಯ ಆ್ಯಪು ತೆರೆದ. ಅದರಲ್ಲಿ ಒಂದು ಗಿಡದ ಚಿತ್ರ. ತುದಿಯಲ್ಲಿ ನನ್ನ ಫೋಟೋ, ಕೆಳಗೆ ಕೊಂಬೆಕೊಂಬೆಗೂ ಹನ್ನೊಂದು ಮನೆಯವರ, ಅವರು ಸೇರಿಸಿದವರ ಫೋಟೋ.

"ಇನ್ ಸಬ್ ಕೋ ಕಿಸ್‌ನೆ ಜೋಡಾ? ಇಧರ್ ತೊ ಊಪರ್ ತೇರಾ ಹೀ ನಾಮ್ ಹೈ, ಬಾಯಿ," ಎಂದ, ಇವರನ್ನೆಲ್ಲ ಸೇರಿಸಿದ್ದು ಯಾರು, ಮೇಲೆ ನಿನ್ನ ಹೆಸರೇ ಇದೆಯಲ್ಲ ಎಂದು.

"ಮೇರೆ ಊಪರ್ ಸಿದ್ದಲಿಂಗಪ್ಪ ಹೈ ಸಾಬ್."

ಅವನು ಬೆರಳಿನಿಂದ ಮೇಲೆ ಸರಿಸಿದ. ನನ್ನ ಮೇಲಿನ ಚೌಕದಲ್ಲಿ ಫೋಟೋ ಇರಲಿಲ್ಲ, ಹೆಸರಿರಲಿಲ್ಲ. ಒಂದು ನಂಬರು ಮಾತ್ರ ಇತ್ತು. ಹವಾಲ್ದಾರ ಕುರ್ಚಿಗೆ ಒರಗಿ, ದೂರು ಬರೆದರೆ ಮೊದಲ ಆರೋಪಿ ನೀನೇ, ಜನರನ್ನು ಸೇರಿಸಿದವಳು ನೀನು, ಅವರು ಕೊಟ್ಟ ದುಡ್ಡಿಗೆ ಸಾಕ್ಷಿ ನೀನು, ಒಳಗೆ ಹೋಗುವವಳೂ ನೀನು ಎಂದು ಸಮಾಧಾನವಾಗಿ ತಿಳಿಸಿ ಹೇಳಿದ. ಆಮೇಲೆ ಬಾಗಿಲ ಕಡೆ ಕೈ ತೋರಿಸಿ, "ಘರ್ ಜಾ. ರೋಟಿ ಪಕಾ," ಎಂದ.

ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಮುಂದೆ ಹೋದರೆ ಗುರುಪಾದನ ಬೆರಳಿನ ದುಡ್ಡು. ಹಿಂದೆ ಬಂದರೆ ನಾಕಾ ಇಲ್ಲ, ಕೂಲಿ ಇಲ್ಲ, ಹನ್ನೊಂದು ಮನೆಯವರ ಬಾಯಲ್ಲಿ ಕಳ್ಳಿ ಎಂಬ ಹೆಸರು. ಸತ್ಯ ಹೇಳಿದರೆ ಜೈಲು. ಎಲ್ಲಿಯೂ ಒಂದು ಕಿಂಡಿ ಕಾಣಲಿಲ್ಲ. ಆ ಮೆಟ್ಟಿಲ ಮೇಲೆ ನಾನು ಅತ್ತೆ, ಯಾರಾದರೂ ನೋಡಿಯಾರು ಎಂಬ ಪರಿವೆ ಇಲ್ಲದೆ.

ಶನಿವಾರ ಭೀಮರಾಯ ಬಾಯಿ ಬಿಟ್ಟ. ಆರು ದಿನದಿಂದ ಅವನಿಗೂ ಕೆಲಸವಿರಲಿಲ್ಲ. "ಕರಕೊಂಡ ಹೋಗಿ ಬಿಡು. ಎರಡೇ ತಲಿ. ಆಮ್ಯಾಲ ಬಿಟ್ಟಬಿಡೋಣು."

"ಗುರುಪಾದ ಯಾರಲೇ ನಿನಗ?"

"ನನಗ ಗೊತ್ತಿಲ್ಲೇನು? ಅವ ಹ್ಯಾಂಗರ ಬದಕ್ತಾನ. ಖೋಲಿ ಬಾಡಿಗಿ ಯಾರ ಕೊಡ್ತಾರ, ನಿಮ್ಮಪ್ಪ?"

ನಾನು ಹೊಲಸು ಬೈದೆ. ಅವನೂ ಬೈದ. ಆಮೇಲೆ ಇಬ್ಬರೂ ಗೋಡೆಗೆ ಒರಗಿ ಕೂತೆವು. ಅವನು ನನ್ನ ಶತ್ರುವಲ್ಲ ಎಂದು ನನಗೆ ಗೊತ್ತಿತ್ತು, ಆದರೂ ಆ ದಿನ ಅವನ ಮುಖ ನೋಡಲು ಮನಸ್ಸಾಗಲಿಲ್ಲ.

ಭಾನುವಾರ ಹತ್ತಕ್ಕೆ ಸಿದ್ದಲಿಂಗಪ್ಪ ಬಂದ. ಟೈ ಕಟ್ಟಿದ್ದ, ಕೈಯಲ್ಲಿ ಎರಡು ಹೊಸ ಪೆಟ್ಟಿಗೆ. ನಾನು ಮುಂದೆ, ಅವನು ಹಿಂದೆ. ಗುರುಪಾದನ ಖೋಲಿಗೆ ನಾಲ್ಕು ಗಲ್ಲಿ ದಾಟಬೇಕು. ದಾರಿಯುದ್ದಕ್ಕೂ ಕಾಲು ತಾವೇ ನಡೆದವು. ಬಾಗಿಲಲ್ಲಿ ನಿಲ್ಲುವ ತನಕವೂ ನಾನು ಏನು ಮಾಡುತ್ತೇನೆಂದು ನನಗೆ ಗೊತ್ತಿರಲಿಲ್ಲ. ಇದು ಖರೆ.

ಗುರುಪಾದ ಗಡಬಡಿಸಿ ಎದ್ದ. ಮಂಚದ ಮೇಲಿನ ಹಾಸಿಗೆಯನ್ನು ಎಡಗೈಯಿಂದ ಎಳೆದು ಸರಿಮಾಡಿದ. ಬಲಗೈಯನ್ನು ಬೆನ್ನ ಹಿಂದೆ ಮುಚ್ಚಿಕೊಂಡ, ಅದು ಅವನ ತಪ್ಪೆಂಬಂತೆ. ಸಿದ್ದಲಿಂಗಪ್ಪ ಕೂತು ಗೋಡೆ, ಸೂರು, ಒಲೆ ಎಲ್ಲ ನೋಡಿ ನಕ್ಕ.

"ಏನಪಾ ಗುರುಪಾದ, ಚಾ ಮಾಡಂಗಿಲ್ಲೇನು?"

ಗುರುಪಾದನ ಹೆಂಡತಿ ತಟ್ಟನೆ ತಲೆ ಎತ್ತಿದಳು. ಅವಳ ಮುಖದಲ್ಲಿ ಆಗ ಬಂದ ಬೆಳಕು ನನಗೆ ಗೊತ್ತಿತ್ತು. ಅವಳು ಸ್ಟೋ ಹಚ್ಚಿ ಪಾತ್ರೆ ಇಟ್ಟಳು, ಹಾಲಿನ ಪಾಕೀಟು ಹಲ್ಲಿನಿಂದ ಕಚ್ಚಿ ಹರಿದಳು. ನಾನು ಬಗ್ಗಿ ಸ್ಟೋ ಆರಿಸಿದೆ.

"ಯಾಕ ಯಕ್ಕಾ?" ಎಂದಳು ಅವಳು.

"ಈ ಮನ್ಯಾಗ ಇವನಿಗಿ ಚಾ ಇಲ್ಲ."

ಸಿದ್ದಲಿಂಗಪ್ಪ ಮೊದಲು ನಕ್ಕ. "ಏನ್ ಚ್ಯಾಷ್ಟಿ ಹಚ್ಚೀದಿ?"

"ನೀರೂ ಇಲ್ಲ. ಗುರುಪಾದ, ಇವ ಚಾ ಕುಡದ ಮನ್ಯಾಗ ರೊಕ್ಕ ಉಳೀಲಿಲ್ಲ. ಹನ್ನೊಂದ ಮನಿ ನಾನೇ ತೋರಿಸೀನಿ. ಹನ್ನೆರಡನೇದ ತೋರಸಂಗಿಲ್ಲ. ನಿನ್ನ ಬೆರಳಿನ ರೊಕ್ಕ ಗಾಡಿಗಿ ಹಾಕು. ಇವಗ ಒಂದ ರೂಪಾಯಿ ಕೊಡಬ್ಯಾಡ."

ಗುರುಪಾದ ನನ್ನನ್ನೂ ಅವನನ್ನೂ ಬದಲಿಸಿ ನೋಡಿದ. ಸಿದ್ದಲಿಂಗಪ್ಪ ಎದ್ದು ನಿಂತ. ತಲೆ ಸೂರಿನ ತಗಡಿಗೆ ಬಡಿಯಿತು. ಅದರ ಸಿಟ್ಟೂ ಸೇರಿ ಬಾಯಿ ಬಿಟ್ಟ.

"ಲೇ ಬೋಸುಡಿ, ಯಾರಿಗಿ ಚಾ ಇಲ್ಲಂತಿ? ನಿಮ್ಮ ಗಲೀಜ ಗ್ಲಾಸಿಗಿ ನಾ ಬಾಯಿ ಹಚ್ಚೀನಂದ್ರ ನಿಮ್ಮ ಏಳ ಹುಟ್ಟಿನ ಪುಣ್ಯಾ. ಒಂದೊಂದ ಮನ್ಯಾಗ ಕುಡದ ಮ್ಯಾಲ ಆ ಮೂಲ್ಯಾಗಿನ ನಳದಾಗ ಬಾಯಿ ಮುಕ್ಕಳಿಸಿ ಉಗುಳೀನಿ ನಾ. ನಿನ್ನ ಮನಿ ಹಿಡದು ಹನ್ನೆರಡ ಸಲ. ಹೊಲ್ಯಾರ ಚಾ ಯಾರಿಗಿ ಬೇಕಾಗ್ಯಾದಲೇ?"

ಗಲ್ಲಿ ಅಷ್ಟೊತ್ತಿಗೆ ತುಂಬಿತ್ತು. ಹನ್ನೊಂದು ಮನೆಯವರಲ್ಲಿ ಮುಕ್ಕಾಲು ಜನ ಅಲ್ಲೇ ಇದ್ದರು, ಭಾನುವಾರವಲ್ಲವೇ. ಅವನ ಮಾತು ಎಲ್ಲರ ಕಿವಿಗೂ ಬಿತ್ತು. ಅವನು ಹೊರಗೆ ಬಂದು ಜನರನ್ನು ಕಂಡು ಸ್ವಲ್ಪ ತಡವರಿಸಿದ, ಆದರೆ ತಡವಾಗಿ ಹೋಗಿತ್ತು. ಕೂಡಲೇ ನನ್ನ ಕಡೆ ಕೈ ಮಾಡಿದ.

"ನಿಮ್ಮ ರೊಕ್ಕ ಈಕಿ ತಿಂದಾಳ. ಮೊಬೈಲ್ದಾಗ ನೋಡ್ರಿ, ಎಲ್ಲಾರ ಮ್ಯಾಲ ಈಕಿದೇ ಹೆಸರದ. ಕೇಳ್ರಿ ಈಕಿಗಿ." ಪೆಟ್ಟಿಗೆಗಳನ್ನು ಕಂಕುಳಲ್ಲಿ ಇರುಕಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಹೋದ. ಯಾರೂ ತಡೆಯಲಿಲ್ಲ. ನಾಳೆ ಬೆಳಗ್ಗೆ ಅವನ ಬೆರಳಿನ ಮುಂದೆ ನಿಲ್ಲಬೇಕಾದವರು ಹೇಗೆ ತಡೆದಾರು.

ರುಕ್ಮಿಣಿಬಾಯಿ ನನ್ನ ಮುಂದೆ ಬಂದು ನಿಂತಳು. "ಉಗುಳ್ಯಾನಂತೇನು?" ಎಂದಳು. ದುಡ್ಡಿನ ಮಾತು ಅವಳು ಕೇಳಲೇ ಇಲ್ಲ.

"ಹೂಂ ಚಿಗವ್ವ."

"ನಾ ಅವಗ ಯಾಲಕ್ಕಿ ಹಾಕಿ ಮಾಡಿದ್ದೆ."

ಹಿಂದಿನಿಂದ ಯಾರೋ ನನಗೆ ಕಳ್ಳಿ ಎಂದರು, ಇನ್ಯಾರೋ ಅದಕ್ಕಿಂತ ದೊಡ್ಡದನ್ನು ಅಂದರು. ನನ್ನ ಕಾಲ ಬಳಿ ಯಾರೋ ಕ್ಯಾಕರಿಸಿ ಉಗಿದರು. "ರೊಕ್ಕ ನಾ ತಿಂದಿಲ್ಲ. ಆದರ ಕರಕೊಂಡ ಬಂದಾಕಿ ನಾನೇ. ಚೌಕಿಗಿ ಹೊಂಟೀನಿ. ಬರೋರು ಬರ್ರಿ," ಎಂದು ನಡೆದೆ. ನಾಲ್ವರು ಹಿಂದೆ ಬಂದರು. ಉಳಿದವರು ಬರಲಿಲ್ಲ. ಭೀಮರಾಯ ನಮ್ಮ ಗಲ್ಲಿಯ ತಿರುವಿನ ತನಕ ಬಂದು ನಿಂತುಬಿಟ್ಟ.

ಅದೇ ಹವಾಲ್ದಾರ ಇದ್ದ. ನನ್ನನ್ನು ಕಂಡು ಬೇಸರದಿಂದ ಹಣೆ ಉಜ್ಜಿಕೊಂಡ. "ಫಿರ್ ಆ ಗಯಿ? ಸಮಝಾಯಾ ಥಾ ನಾ? ಪಹಲಾ ನಾಮ್ ತೇರಾ ಆಯೇಗಾ." ಮೊದಲ ಹೆಸರು ನಿನ್ನದೇ ಬರುತ್ತದೆ ಎಂಬ ಅದೇ ಮಾತು.

"ಲಿಖೋ ಸಾಬ್," ಬರೆಯಿರಿ ಎಂದೆ. "ಪಹಲಾ ನಾಮ್ ಮೇರಾ ಲಿಖೋ."

ಅವನು ನನ್ನ ಮುಖವನ್ನೇ ನೋಡಿದ. ಕಾಗದ ಎಳೆದುಕೊಂಡ. ಹೆಸರು, ಗಂಡನ ಹೆಸರು, ವಯಸ್ಸು, ಊರು, ಜಾತಿ, ಎಲ್ಲ ಕೇಳಿ ಬರೆದ. ನಮ್ಮ ಹೆಸರು ಬರೆಯಲು ಅವನಿಗೆ ತಡವಾಗಲಿಲ್ಲ.

"ಆಗೇ?" ಎಂದು ಮುಂದಿನ ಹೆಸರು ಕೇಳಿದ.

"ಸಿದ್ದಲಿಂಗಪ್ಪ. ಮಲಾಡ್ ನಾಕಾ ಮುಕಾದಮ್."

ಹವಾಲ್ದಾರ ಪೆನ್ನು ಕೆಳಗಿಟ್ಟ. ಪುರಾವೆ ಎಲ್ಲಿದೆ ಎಂದ. ಕಾಗದದಲ್ಲಿ ಅವನ ಸಹಿ ಇದೆಯಾ, ಆ್ಯಪಿನಲ್ಲಿ ಹೆಸರಿದೆಯಾ, ದುಡ್ಡು ಅವನ ಖಾತೆಗೆ ಹೋಗಿದೆಯಾ ಎಂದ. ದುಡ್ಡು ಕೈಯಲ್ಲಿ ಕೊಟ್ಟಿದ್ದೆವು.

ರುಕ್ಮಿಣಿಬಾಯಿ ಸೆರಗು ಸೊಂಟಕ್ಕೆ ಸಿಗಿಸಿ ಮುಂದೆ ಬಂದಳು. ಅವಳಿಗೆ ಹಿಂದಿ ಬರದು. "ನಂದೂ ಬರೀರಿ. ನಮ್ಮ ತಂಗಿ ಮಗಳಿಗಿ ನಾನೇ ಸೇರ್ಸೀನಿ," ಎಂದಳು. ನಾನು ಹಿಂದಿಯಲ್ಲಿ ಹೇಳಿದೆ. ಹವಾಲ್ದಾರ ಪೆನ್ನು ಎತ್ತಿಕೊಂಡು ಬರೆದ. ಅವಳ ಹಿಂದಿದ್ದವಳು ತನ್ನ ನಾದಿನಿಯನ್ನು ಸೇರಿಸಿದ್ದಳು, ಅವಳದೂ ಬರೆದ. ಉಳಿದಿಬ್ಬರು ಯಾರನ್ನೂ ಸೇರಿಸಿರಲಿಲ್ಲ, ಸೇರಿಸಲು ನೋಡಿದ್ದೆವು ಎಂದರು. ಅವರದನ್ನೂ ಬರೆದ. ಒಬ್ಬೊಬ್ಬರ ಹೆಸರಾದ ಮೇಲೂ ನಾನು ಸಿದ್ದಲಿಂಗಪ್ಪ ಎಂದೆ. ಒಂದೊಂದು ಸಲವೂ ಪೆನ್ನು ಮೇಜಿಗೆ ಹೋಯಿತು.

ಸಂಜೆಯ ಹೊತ್ತಿಗೆ ಕಾಗದದ ಮೇಲೆ ಐದು ಹೆಸರಿದ್ದವು. ಐದೂ ನಮ್ಮವೇ. ಹೆಂಗಸು ಪೊಲೀಸೊಬ್ಬಳು ಬಂದು ನಮ್ಮನ್ನು ಗೋಡೆಬದಿಯ ಬೆಂಚಿನ ಮೇಲೆ ಕೂರಿಸಿ ಮೊಬೈಲುಗಳನ್ನು ಇಸಿದುಕೊಂಡಳು. ಹವಾಲ್ದಾರ ಕಾಗದವನ್ನು ಮಡಚಿ, ಇನ್ನೇನಾದರೂ ಇದೆಯಾ ಎಂದು ಕೇಳಿದ.

"ಸಿದ್ದಲಿಂಗಪ್ಪ," ಎಂದೆವು ಐವರೂ.

ಪೆನ್ನು ಮೇಜಿನ ಮೇಲೇ ಇತ್ತು.